ಗುಂಡ ನಿಮ್ಮ ಮದುವೆಗೆ ಅಡ್ಡ ಬಂದಿಲ್ಲ

ಪ್ರಶ್ನೆ: ನನಗೆ 29 ವರ್ಷ. ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಅಮೆರಿಕದ ಗ್ರಾಹಕರಿಗೆ ಸೇವೆ ಕೊಡುವ ಕಂಪನಿಯೊಂದರಲ್ಲಿ ಕೆಲಸ, ಸಂಜೆ 6.30ರಿಂದ ಬೆಳಗಿನ ಜಾವ 3.30ರವರೆಗೆ ಶಿಫ್ಟ್. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ; ಮಂಗಳವಾರ ಮತ್ತು ಗುರುವಾರ ಆಫೀಸಿಗೆ ಹೋಗಬೇಕು. ಆ ದಿನಗಳಲ್ಲಿ ಸಂಜೆ 5ಕ್ಕೆ ಕ್ಯಾಬ್ ಹತ್ತಿದರೆ ಮನೆ ಸೇರುವುದು ಬೆಳಗಿನ ಜಾವ 5ಕ್ಕೆ. 2021ರ ಲಾಕ್‌ಡೌನ್ ಸಮಯದಲ್ಲಿ ಬೀದಿಯಲ್ಲಿ ಸಿಕ್ಕ ನಾಯಿಮರಿ ಗುಂಡ ಈಗ ನಾಲ್ಕು ವರ್ಷದವನು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ನಾನು ಆಫೀಸಿಗೆ ಹೋದ ದಿನ ಅವನು ಊಳಿಡುತ್ತಾನೆ, ಬಾಗಿಲು ಕೆರೆಯುತ್ತಾನೆ, ಅಕ್ಕಪಕ್ಕದವರು ದೂರುತ್ತಿದ್ದಾರೆ. ಇನ್ನು ನಾಲ್ಕು ತಿಂಗಳಿಗೆ ನನ್ನ ಮದುವೆ. ಹುಡುಗ ಬ್ಯಾಂಕಿನಲ್ಲಿದ್ದಾರೆ, ಬೆಳಗ್ಗೆ 9ಕ್ಕೆ ಹೊರಟು ಸಂಜೆ 6.30ಕ್ಕೆ ಮರಳುವವರು. ಚಿಕ್ಕಂದಿನಲ್ಲಿ ಅವರಿಗೆ ನಾಯಿ ಕಚ್ಚಿ, ಹೊಕ್ಕುಳಿನ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಿದ್ದರಂತೆ. ಭಾನುವಾರ ಅವರು ಬಂದಾಗ ಗುಂಡ ಬೊಗಳುತ್ತಾ ಹಿಂದೆ ಹಿಂದೆ ಸರಿಯುತ್ತಾನೆ, ಆಮೇಲೆ ನಮ್ಮಿಬ್ಬರ ನಡುವೆ ಬಂದು ನನ್ನ ಕಾಲಿಗೆ ಬೆನ್ನು ಒತ್ತಿ ಕೂರುತ್ತಾನೆ, ಹೋದ ತಿಂಗಳು ಅವರ ಬ್ಯಾಗಿನ ಮೇಲೆ ಉಚ್ಚೆ ಹೊಯ್ದ. ನಾನು ದಿನಕ್ಕೆ ನಾಲ್ಕು-ಐದು ಗಂಟೆ ನಿದ್ದೆ ಮಾಡಿದರೆ ಹೆಚ್ಚು. ಮನೆಯ ಹಿರಿಯರು ನಾಯಿಯನ್ನು ಊರಿನ ತೋಟಕ್ಕೆ ಕಳಿಸಿಬಿಡು ಎನ್ನುತ್ತಿದ್ದಾರೆ. ಅವನಿಗೆ ಹೊಟ್ಟೆಕಿಚ್ಚೇ? ಕಳಿಸಿಬಿಡಲೇ? ಅಥವಾ ಕೆಲಸವನ್ನೇ ಬಿಡಲೇ?

ಪಶುವೈದ್ಯರ ಉತ್ತರ:

ನಿಮ್ಮ ಪತ್ರವನ್ನು ಓದಿದ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಒಂದು ಬಿಳಿ ಹಾಳೆ ತೆಗೆದುಕೊಂಡು, ಮದುವೆಯಾದ ನಂತರ ನಿಮ್ಮ ಮನೆಯ ಒಂದು ಸಾಮಾನ್ಯ ಬುಧವಾರ ಹೇಗಿರುತ್ತದೆ ಎಂಬುದನ್ನು ಗಂಟೆಗಂಟೆಗೆ ಗೆರೆ ಎಳೆದು ಬರೆದುಕೊಂಡದ್ದು. ನಿಮಗೊಂದು ಗೆರೆ, ಅವರಿಗೊಂದು ಗೆರೆ, ಗುಂಡನಿಗೊಂದು ಗೆರೆ. ಅವರು ಬೆಳಗ್ಗೆ ಎದ್ದು ಸ್ನಾನ ತಿಂಡಿ ಮುಗಿಸಿ 9ಕ್ಕೆ ಹೊರಡುವ ಹೊತ್ತಿಗೆ ನೀವು ಗಾಢ ನಿದ್ದೆಯಲ್ಲಿರುತ್ತೀರಿ, ಅಥವಾ ಇರಬೇಕು. ನೀವು ಎದ್ದು ಕೂರುವಾಗ ಅವರು ಬ್ಯಾಂಕಿನ ಕೌಂಟರಿನಲ್ಲಿರುತ್ತಾರೆ. ಅವರು ಸಂಜೆ 6.30ಕ್ಕೆ ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ ನೀವು ಹೆಡ್‌ಫೋನ್ ಹಾಕಿಕೊಂಡು ಲಾಗಿನ್ ಆಗಿರುತ್ತೀರಿ. ನಿಮ್ಮ ಕೆಲಸ ಮುಗಿಯುವಾಗ ಅವರಿಗೆ ಅರ್ಧರಾತ್ರಿ ಕಳೆದು ಎಷ್ಟೋ ಹೊತ್ತಾಗಿರುತ್ತದೆ. ನಿಮ್ಮಿಬ್ಬರ ಗೆರೆಗಳು ಕೂಡುವ ಜಾಗವನ್ನು ಹುಡುಕಿದರೆ, ನಿಮ್ಮ ರಾತ್ರಿಯ ಊಟದ ಬಿಡುವಿನ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಬೇರೇನೂ ಸಿಗಲಿಲ್ಲ. ಗುಂಡ ನಿಮ್ಮಿಬ್ಬರ ನಡುವೆ ಕೂರುತ್ತಾನೆ ಎಂದು ಬರೆದಿದ್ದೀರಿ. ಅವನು ಕೂರುವುದು ಭಾನುವಾರ ಮಾತ್ರ; ಮಿಕ್ಕ ದಿನಗಳಲ್ಲಿ ನಡುವೆ ಕೂರಲಿರುವುದು ಗಡಿಯಾರ.

ಮೂರನೆಯ ಗೆರೆಯನ್ನು ನೋಡಿದಾಗ ಇನ್ನೊಂದು ಸಂಗತಿ ಹೊಳೆಯಿತು. ಈಗ ಮಂಗಳವಾರ ಮತ್ತು ಗುರುವಾರ ಗುಂಡ ಸಂಜೆ 5ರಿಂದ ಬೆಳಗಿನ ಜಾವ 5ರವರೆಗೆ, ಅಂದರೆ 12 ಗಂಟೆ, ಬೀಗ ಹಾಕಿದ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಮದುವೆಯಾದ ಮೇಲೆ ಅವನು ಒಂಟಿಯಾಗಿರುವುದು ನೀವು ಕ್ಯಾಬ್ ಹತ್ತಿದ ಹೊತ್ತಿನಿಂದ ನಿಮ್ಮ ಯಜಮಾನರು ಬಾಗಿಲು ತೆರೆಯುವವರೆಗೆ, ಒಂದೂವರೆ ಗಂಟೆ. ಯಾರ ಬರವನ್ನು ಅವನು ಬೊಗಳಿ ತಡೆಯುತ್ತಿದ್ದಾನೋ ಅವರೇ ಅವನ ಅತಿ ದೊಡ್ಡ ಕಷ್ಟವನ್ನು ಕಡಿಮೆ ಮಾಡಬಲ್ಲವರು. ಇದು ಗುಂಡನಿಗೆ ತಿಳಿದಿಲ್ಲ, ನಿಮ್ಮ ಹಿರಿಯರಿಗೂ ಹೊಳೆದಿಲ್ಲ. ಹಾಗಾಗಿ ಅವನನ್ನು ಕಳಿಸಬೇಡಿ, ಈಗಲೇ ಕಳಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮದುವೆಗೆ ನಾಲ್ಕು ತಿಂಗಳಿದೆ; ಆಗಬೇಕಾದ ಕೆಲಸಕ್ಕೆ ಅಷ್ಟು ಸಮಯ ಸಾಕು.

ಹೊಟ್ಟೆಕಿಚ್ಚಿನ ಪ್ರಶ್ನೆಯನ್ನು ಮೊದಲು ಮುಗಿಸೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ವಿಭಾಗದಲ್ಲಿ ಇದರ ಬಗ್ಗೆ ಒಂದು ಪ್ರಯೋಗ ನಡೆದು 2014ರಲ್ಲಿ ಪ್ರಕಟವಾಗಿದೆ. 36 ಸಾಕುನಾಯಿಗಳ ಎದುರಿಗೆ ಅವುಗಳ ಒಡೆಯರು ಬೊಗಳುವ ಆಟಿಕೆ ನಾಯಿಯನ್ನು ಮುದ್ದು ಮಾಡಿದರು, ಬೇರೊಂದು ವಸ್ತುವನ್ನು ಹಿಡಿದು ಮಾತಾಡಿದರು, ಪುಸ್ತಕ ಓದಿದರು. ಆಟಿಕೆ ನಾಯಿಯನ್ನು ಮುದ್ದಿಸುವಾಗ ನಾಯಿಗಳು ಒಡೆಯರನ್ನು ಹೆಚ್ಚಾಗಿ ತಳ್ಳಿದವು, ನಡುವೆ ನುಗ್ಗಿದವು. ಆದ್ದರಿಂದ ನಾಯಿಗೆ ಹೊಟ್ಟೆಕಿಚ್ಚಿನಂತಹ ನಡವಳಿಕೆಯೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ನೀವು ವಿವರಿಸಿರುವ ಚಿತ್ರದಲ್ಲಿ ನನಗೆ ಹೆಚ್ಚಾಗಿ ಕಾಣುವುದು ಭಯ. ನಿಮ್ಮ ಪತ್ರದ ಪ್ರಕಾರ ಅವನು ಬೊಗಳುತ್ತಾ ಹಿಂದೆ ಹಿಂದೆ ಸರಿಯುತ್ತಾನೆ, ಆಮೇಲೆ ನಿಮ್ಮ ಕಾಲಿಗೆ ಬೆನ್ನು ಒತ್ತಿ ಕೂರುತ್ತಾನೆ. ಜಗಳಕ್ಕೆ ನಿಂತ ನಾಯಿ ಮುಂದಕ್ಕೆ ವಾಲುತ್ತದೆ. ಹೆದರಿದ ನಾಯಿಯೇ ತನ್ನ ಮನುಷ್ಯರಿಗೆ ಬೆನ್ನು ತಾಗಿಸಿ, ಅನುಮಾನ ಹುಟ್ಟಿಸಿದವರ ಕಡೆ ಮುಖ ಮಾಡಿ ಕೂರುವುದು. ನಾಯಿಮರಿಗಳು ಹೊಸ ಮನುಷ್ಯರನ್ನು ಸಹಜವಾಗಿ ಒಪ್ಪಿಕೊಳ್ಳಲು ಕಲಿಯುವುದು ಹುಟ್ಟಿದ ಮೂರನೆಯ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೆಯ ವಾರದವರೆಗೆ. ಗುಂಡನ ಆ ವಾರಗಳು ಲಾಕ್‌ಡೌನಿನಲ್ಲಿ ಕಳೆದವು. ಮನೆಗೆ ನೆಂಟರಿಲ್ಲ, ಬೀದಿಯಲ್ಲಿ ಜನರಿಲ್ಲ. ಅವನ ಲೋಕದಲ್ಲಿ ಇದ್ದ ಮನುಷ್ಯರೆಂದರೆ ನೀವೊಬ್ಬರೇ. ಆ ವರ್ಷ ಮನೆ ಸೇರಿದ ಮರಿಗಳಲ್ಲಿ ಇದೇ ಸ್ವಭಾವದ ಎಷ್ಟೋ ನಾಯಿಗಳನ್ನು ನನ್ನ ಚಿಕಿತ್ಸಾಲಯದಲ್ಲಿ ನೋಡುತ್ತಿದ್ದೇನೆ.

ಇನ್ನು ಮಾಡಬೇಕಾದ ಕೆಲಸ. ಮನಸ್ಸಿನ ಮಾತಿಗೆ ಹೋಗುವ ಮೊದಲು ದೇಹವನ್ನು ನೋಡಬೇಕು, ಇದು ನಮ್ಮ ವೃತ್ತಿಯ ಮೊದಲ ಪಾಠ. ಬ್ಯಾಗಿನ ಮೇಲೆ ಉಚ್ಚೆ ಹೊಯ್ದದ್ದು ಹೆದರಿಕೆಯಿಂದ ಆಗಿರಬಹುದು, ಬೇರೆಯವರ ವಾಸನೆಯ ಮೇಲೆ ತನ್ನ ಗುರುತು ಹಾಕಲು ಆಗಿರಬಹುದು, ಮೂತ್ರಕೋಶದ ಸೋಂಕಿನಿಂದಲೂ ಆಗಿರಬಹುದು. ವಾರಕ್ಕೆರಡು ಸಲ 12 ಗಂಟೆ ಮೂತ್ರ ತಡೆಯುವ ನಾಯಿಯಲ್ಲಿ ಮೂರನೆಯದನ್ನು ನಾನು ಸುಮ್ಮನೆ ಬಿಡುವುದಿಲ್ಲ. ದೊಡ್ಡ ನಾಯಿಯಾದರೂ ಆರು ಗಂಟೆಗೊಮ್ಮೆ ಹೊರಗೆ ಹೋಗಿಬರುವುದು ಒಳ್ಳೆಯದು, ಎಂಟು ಗಂಟೆ ಕೊನೆಯ ಮಿತಿ. ನಿಮ್ಮ ವೈದ್ಯರ ಬಳಿ ಮೂತ್ರ ಪರೀಕ್ಷೆ ಮಾಡಿಸಿ, ಜೊತೆಗೆ ರಕ್ತಪರೀಕ್ಷೆಯನ್ನೂ ಮಾಡಿಸಿ. ಬೆಂಗಳೂರಿನಲ್ಲಿ ಉಣ್ಣಿ ಹುಳುಗಳಿಂದ ಹರಡುವ ಎರ್ಲಿಕಿಯಾ ಮತ್ತು ಬೆಬೀಸಿಯಾ ಸೋಂಕುಗಳು ಬಹಳ ಸಾಮಾನ್ಯ. ಕೆಲವು ನಾಯಿಗಳಲ್ಲಿ ಜ್ವರ ಎದ್ದು ಕಾಣದೆ, ಮಂಕುತನ ಮತ್ತು ಸಿಡುಕು ಮಾತ್ರ ಕಾಣುತ್ತವೆ. ರೇಬಿಸ್ ಲಸಿಕೆಯ ದಿನಾಂಕ ಮೀರಿಲ್ಲವೇ ಎಂದು ಅವನ ಪುಸ್ತಕ ತೆಗೆದು ನೋಡಿ. ಈ ಕೊನೆಯದು ಗುಂಡನಿಗಿಂತ ಹೆಚ್ಚಾಗಿ ನಿಮ್ಮ ಭಾವೀ ಪತಿಯ ಮನಸ್ಸಿನ ನೆಮ್ಮದಿಗಾಗಿ. ಅದಕ್ಕೆ ಮತ್ತೆ ಬರುತ್ತೇನೆ. ಬ್ಯಾಗನ್ನು ಫಿನಾಯಿಲ್ ಹಾಕಿ ಒರೆಸಿದ್ದರೆ ಸಾಲದು. ನಮ್ಮ ಮೂಗಿಗೆ ವಾಸನೆ ಹೋಗಿರುತ್ತದೆ, ಅವನ ಮೂಗಿಗೆ ಹೋಗಿರುವುದಿಲ್ಲ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಕಿಣ್ವವಿರುವ ದ್ರಾವಣದಿಂದ ತೊಳೆಯಿರಿ.

ಒಂಟಿಯಾಗಿರುವಾಗಿನ ಊಳಿಡುವಿಕೆಯ ವಿಷಯ ಸ್ವಲ್ಪ ದೀರ್ಘವಾಗಿ ಹೇಳಬೇಕು. ಹೊರಡುವ ಮುನ್ನ ನಿಮ್ಮ ಫೋನನ್ನೋ ಹಳೆಯ ಟ್ಯಾಬನ್ನೋ ಬಾಗಿಲಿನ ಕಡೆ ಮುಖ ಮಾಡಿಟ್ಟು ಮೊದಲ ಅರ್ಧ ಗಂಟೆಯನ್ನು ವಿಡಿಯೊ ಮಾಡಿಕೊಳ್ಳಿ. ಅಗಲಿಕೆಯ ಆತಂಕ ಇರುವ ನಾಯಿ ಸಾಮಾನ್ಯವಾಗಿ ಒಡೆಯರು ಹೊರಟ ಮೊದಲ ಅರ್ಧ ಗಂಟೆಯೊಳಗೇ ಒದ್ದಾಡಲು ತೊಡಗುತ್ತದೆ. ಏದುಸಿರು, ಜೊಲ್ಲು, ಬಾಗಿಲಿನಿಂದ ಕಿಟಕಿಗೆ ಕಿಟಕಿಯಿಂದ ಬಾಗಿಲಿಗೆ ಓಡಾಟ. ಎರಡು ಗಂಟೆ ನೆಮ್ಮದಿಯಾಗಿ ಮಲಗಿದ್ದು, ಆಮೇಲೆ ಬೀದಿಯಲ್ಲಿ ಬೇರೆ ನಾಯಿಗಳು ಬೊಗಳಿದಾಗ ದನಿಗೂಡಿಸುವ ನಾಯಿಯ ಕಥೆ ಬೇರೆ. ಎರಡಕ್ಕೂ ಮಾಡುವ ಉಪಾಯ ಒಂದೇ ಅಲ್ಲ, ಆದ್ದರಿಂದ ವಿಡಿಯೊ ಬಹಳ ಮುಖ್ಯ.

ಮೊದಲನೆಯದೇ ಎಂದಿಟ್ಟುಕೊಳ್ಳೋಣ. ಬಾಗಿಲು ಕೆರೆಯುವ ಗುರುತುಗಳು ಅದನ್ನೇ ಹೇಳುತ್ತಿವೆ. ನೀವು ಕ್ಯಾಬಿಗೆ ಹೊರಡುವ ಮುಂಚಿನ ಹತ್ತು ನಿಮಿಷವನ್ನು ಗುಂಡನ ಕಣ್ಣಿನಿಂದ ನೋಡಿ. ಆಫೀಸಿನ ಬಟ್ಟೆ ಬರುತ್ತದೆ, ಕುತ್ತಿಗೆಗೆ ಐಡಿ ಕಾರ್ಡ್ ಬೀಳುತ್ತದೆ, ಅಡುಗೆಮನೆಯಲ್ಲಿ ಗ್ಯಾಸ್ ಆರಿಸುವ ಶಬ್ದ, ಕಿಟಕಿಯ ಚಿಲಕ, ಕೊನೆಗೆ ಮೊಳೆಯಿಂದ ಬೀಗದ ಕೈ ತೆಗೆದ ಸದ್ದು. ಆ ಸದ್ದಿನ ಹೊತ್ತಿಗೆ ಅವನ ಎದೆ ಬಡಿತ ಆಗಲೇ ಏರಿರುತ್ತದೆ. ನೀವು ಮಾಡಬೇಕಾದದ್ದು ಈ ಸದ್ದುಗಳಿಗೆ ಇರುವ ಅರ್ಥವನ್ನು ಅಳಿಸುವುದು. ಮನೆಯಿಂದ ಕೆಲಸ ಮಾಡುವ ದಿನ ಮಧ್ಯಾಹ್ನ ಬೀಗದ ಕೈಯನ್ನು ಕೈಗೆತ್ತಿಕೊಳ್ಳಿ, ಗಿಲಿಗಿಲಿ ಎನಿಸಿ, ಮತ್ತೆ ಕುರ್ಚಿಯಲ್ಲಿ ಕೂತು ಪೇಪರ್ ಓದಿ. ಐಡಿ ಕಾರ್ಡ್ ಹಾಕಿಕೊಂಡೇ ತರಕಾರಿ ಹೆಚ್ಚಿ. ಅವನು ತಲೆ ಎತ್ತಿ ನೋಡುವುದನ್ನು ನಿಲ್ಲಿಸಿದ ಮೇಲೆ ಬಾಗಿಲು ತೆರೆದು ಹೊರಗೆ ಹೋಗಿ ಐದು ಎಣಿಸಿ ಒಳಗೆ ಬನ್ನಿ. ಬಂದಾಗ ಅಬ್ಬರದ ಮುದ್ದು ಬೇಡ, ಹೋಗುವಾಗ ಸಮಾಧಾನದ ಮಾತೂ ಬೇಡ. ಐದು ಸೆಕೆಂಡು ಇಪ್ಪತ್ತಾಗಲಿ, ಇಪ್ಪತ್ತು ಒಂದು ನಿಮಿಷವಾಗಲಿ, ಒಂದು ನಿಮಿಷ ನಾಲ್ಕಾಗಲಿ. ಒಂದು ದಿನ ಅವನು ಅಳಲು ಶುರು ಮಾಡಿದರೆ ಅವಸರ ಮಾಡಿದಿರಿ ಎಂದರ್ಥ. ಮಾರನೆಯ ದಿನ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಬಹಳ ನಾಯಿಗಳಲ್ಲಿ ಮೊದಲ ಅರ್ಧ ಗಂಟೆಯನ್ನು ಗೆಲ್ಲುವುದೇ ಕಷ್ಟ. ಅಲ್ಲಿಂದ ಒಂದೂವರೆ ಗಂಟೆಗೆ ದಾಟುವುದು ಅಷ್ಟು ಕಷ್ಟವಾಗುವುದಿಲ್ಲ. ನಿಮಗೆ ಮದುವೆಯ ಹೊತ್ತಿಗೆ ಬೇಕಾಗಿರುವುದೂ ಒಂದೂವರೆ ಗಂಟೆಯೇ.

ಒಂದು ಹಳೆಯ ಟವೆಲನ್ನು ನೆಲದ ಮೇಲೆ ಹರಡಿ, ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿಯ ಸಣ್ಣ ಚೂರುಗಳನ್ನು ಅಲ್ಲಲ್ಲಿ ಇಟ್ಟು, ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ ಕೊಡಿ. ಮೂತಿಯಿಂದ ತಳ್ಳಿ ತಳ್ಳಿ ಬಿಚ್ಚಿ ತಿನ್ನಲು ಅವನಿಗೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ, ಮೂಸುವ ಕೆಲಸವೇ ನಾಯಿಯ ಮನಸ್ಸನ್ನು ತಣಿಸುತ್ತದೆ. ತುಂಬಾ ಆತಂಕದಲ್ಲಿರುವ ನಾಯಿ ಇದನ್ನು ಮುಟ್ಟುವುದೇ ಇಲ್ಲ. ಬೆಳಗಿನ ಜಾವ ಬಂದಾಗ ಟವೆಲ್ ಸುತ್ತಿದಂತೆಯೇ ಇದ್ದರೆ ಅದನ್ನು ಅವನ ಮನಃಸ್ಥಿತಿಯ ಅಳತೆಗೋಲೆಂದು ತಿಳಿಯಿರಿ. ಅಂತಹ ನಾಯಿಗಳಿಗೆ ತರಬೇತಿಯ ಜೊತೆಗೆ ಔಷಧಿಯೂ ಬೇಕಾಗಬಹುದು. ಕ್ಲೊಮಿಪ್ರಮಿನ್ ಮತ್ತು ಫ್ಲೂಯೊಕ್ಸೆಟಿನ್ ಎಂಬ ಎರಡು ಔಷಧಿಗಳು ಇದೇ ತೊಂದರೆಗೆ ನಾಯಿಗಳಲ್ಲಿ ಬಳಕೆಯಲ್ಲಿವೆ. ಅವು ಕೆಲಸ ಮಾಡಲು ಕೆಲವು ವಾರಗಳೇ ಬೇಕು, ತೂಕ ಮತ್ತು ರಕ್ತಪರೀಕ್ಷೆ ನೋಡಿ ಪಶುವೈದ್ಯರೇ ಪ್ರಮಾಣ ನಿರ್ಧರಿಸಬೇಕು. ಮನುಷ್ಯರ ನಿದ್ದೆ ಮಾತ್ರೆಯನ್ನು ಯಾರು ಹೇಳಿದರೂ ಕೊಡಬೇಡಿ.

ಈ ತರಬೇತಿ ನಡೆಯುತ್ತಿರುವಾಗಲೇ ಮಂಗಳವಾರ ಮತ್ತು ಗುರುವಾರ 12 ಗಂಟೆ ಒಂಟಿಯಾಗಿ ಬಿಟ್ಟರೆ, ಕಟ್ಟಿದ ಗೋಡೆಯನ್ನು ವಾರಕ್ಕೆರಡು ಸಲ ಕೆಡವಿದಂತೆ. ನಾಲ್ಕು ತಿಂಗಳ ಮಟ್ಟಿಗೆ ಆ ಎರಡು ರಾತ್ರಿಗಳಿಗೆ ಯಾರನ್ನಾದರೂ ಹುಡುಕಿ. ಹಣ ಕೊಟ್ಟು ನಾಯಿ ನೋಡಿಕೊಳ್ಳುವವರು ಇದ್ದಾರೆ, ಆದರೆ ದೂರುತ್ತಿರುವ ಅಕ್ಕಪಕ್ಕದವರಲ್ಲೇ ಒಬ್ಬರು ಸಿಗಬಹುದು ಎಂದು ನನ್ನ ಅನುಭವ ಹೇಳುತ್ತದೆ. ಅವರ ಬಾಗಿಲಿಗೆ ಹೋಗಿ, ನಾಯಿಗೆ ಇಂಥ ತೊಂದರೆ ಇದೆ, ಇಂಥ ಚಿಕಿತ್ಸೆ ಮಾಡಿಸುತ್ತಿದ್ದೇನೆ, ಇಷ್ಟು ವಾರ ಹಿಡಿಯುತ್ತದೆ ಎಂದು ನೀವೇ ಬಾಯಿಬಿಟ್ಟು ಹೇಳಿ. ದೂರುವವರಿಗೆ ಹೆಚ್ಚಾಗಿ ಬೇಸರವಾಗಿರುವುದು ಶಬ್ದದಿಂದಷ್ಟೇ ಅಲ್ಲ, ಯಾರೂ ಏನೂ ಮಾಡುತ್ತಿಲ್ಲ ಎಂಬ ಭಾವನೆಯಿಂದ.

ಈಗ ನಿಮ್ಮ ನಿದ್ದೆ. ನಾನು ಪ್ರಾಣಿಗಳ ವೈದ್ಯ, ಆದರೂ ಈ ಮಾತನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ದೇಹದೊಳಗಿನ ಗಡಿಯಾರದ ಆಣ್ವಿಕ ಕೀಲುಗಳನ್ನು ಬಿಡಿಸಿ ತೋರಿಸಿದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರವನ್ನು ತಿದ್ದುವ ಮುಖ್ಯ ಕೈ ಬೆಳಕು. ಅದು ನಿಮ್ಮಲ್ಲೂ ಇದೆ, ಗುಂಡನಲ್ಲೂ ಇದೆ. ನೀವು ರಾತ್ರಿಯಿಡೀ ಟ್ಯೂಬ್‌ಲೈಟ್ ಕೆಳಗೆ ಕೂತಿರುವಾಗ ಅವನೂ ಅರೆನಿದ್ದೆಯಲ್ಲಿ ನಿಮ್ಮ ಕುರ್ಚಿಯ ಕೆಳಗೆ ಇರುತ್ತಾನೆ. ದೊಡ್ಡ ನಾಯಿಯೊಂದು ದಿನಕ್ಕೆ ಹನ್ನೆರಡು ಗಂಟೆಯ ಆಸುಪಾಸು ನಿದ್ದೆ ಮಾಡಬೇಕು, ಅವನು ಮಾಡುತ್ತಿಲ್ಲ. ಬೆಳಗ್ಗೆ ಹಾಲಿನವನು, ಪೇಪರಿನವನು, ಕಸದ ಗಾಡಿಯ ಹಾಡು ಬಂದಾಗ ಎದ್ದು ಬೊಗಳುತ್ತಾನೆ, ನಿಮ್ಮನ್ನೂ ಎಬ್ಬಿಸುತ್ತಾನೆ. ಭಾನುವಾರ ಮಧ್ಯಾಹ್ನ ನಿಮ್ಮ ಹುಡುಗ ಬಾಗಿಲು ತಟ್ಟುವಾಗ ಒಳಗಿರುವುದು ವಾರವಿಡೀ ನಿದ್ದೆಗೆಟ್ಟ ಎರಡು ಜೀವಗಳು. ಇಬ್ಬರ ಸಿಡುಕಿಗೂ ಅದೇ ಮೂಲವಿರಬಹುದು.

ಮನೆಯಿಂದ ಕೆಲಸ ಮಾಡುವ ದಿನ ಹೀಗೆ ಮಾಡಿ ನೋಡಿ. 3.30ಕ್ಕೆ ಲಾಗೌಟ್ ಆದ ಕೂಡಲೇ ಫೋನ್ ಹಿಡಿಯದೆ, ಗುಂಡನನ್ನು ಕೆಳಗೆ ಒಂದು ಸುತ್ತು ಒಯ್ದು ಬನ್ನಿ, ಸ್ವಲ್ಪ ಮೊಸರನ್ನ ಹಾಕಿ. 4.15ಕ್ಕೆ ಇಬ್ಬರೂ ಮಲಗಿ, ನೀವು 11.30ರವರೆಗೆ ಏಳಬೇಡಿ; ಏಳು ಗಂಟೆ ಮೇಲ್ಪಟ್ಟು ನಿದ್ದೆಯಾಗುತ್ತದೆ. ದಪ್ಪ ಕಪ್ಪು ಪರದೆ ಬೇಕೇ ಬೇಕು. ಕಾಫಿಯ ಕೆಫೀನಿನ ಅರ್ಧ ಭಾಗ ಐದು ಗಂಟೆಯಾದರೂ ಮೈಯಲ್ಲಿ ಉಳಿಯುವುದರಿಂದ ಕೊನೆಯ ಲೋಟ ರಾತ್ರಿ 10ಕ್ಕೆ ಮುಗಿಯಲಿ. ರಜಾದಿನಗಳಲ್ಲಿ ಪೂರ್ತಿ ಹಗಲಿನ ಲೆಕ್ಕಕ್ಕೆ ಹೊರಳಬೇಡಿ, ಬೆಳಗಿನ ಒಂದೇ ಹೊತ್ತಿನ ನಾಲ್ಕು ಗಂಟೆಯ ನಿದ್ದೆಯನ್ನಾದರೂ ಏಳೂ ದಿನ ಕಾಪಾಡಿಕೊಳ್ಳಿ. ಗುಂಡನ ಹಾಸಿಗೆ ನಿಮ್ಮ ಕೋಣೆಯಲ್ಲೇ ಇರಲಿ, ಆದರೆ ಮಂಚದ ಮೇಲೆ ಬೇಡ. 2017ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ 40 ಜನರ ನಿದ್ದೆಯನ್ನು ಅವರ ನಾಯಿಗಳ ನಿದ್ದೆಯೊಂದಿಗೆ ಅಳೆದು ನೋಡಿತ್ತು. ನಾಯಿ ಕೋಣೆಯಲ್ಲಿದ್ದರೆ ಜನರ ನಿದ್ದೆ ಚೆನ್ನಾಗಿಯೇ ಇತ್ತು, ಹಾಸಿಗೆ ಹತ್ತಿದಾಗ ಸ್ವಲ್ಪ ಇಳಿಯಿತು. ನಿಮಗೆ ಇದಕ್ಕಿಂತ ದೊಡ್ಡ ಕಾರಣವೂ ಇದೆ. ಮಂಚವನ್ನು ಈಗಲೇ ಬಿಡಿಸಿದರೆ ಅದಕ್ಕೆ ಕಾರಣ ನೀವು. ಮದುವೆಯ ಮಾರನೆಯ ದಿನ ಕೆಳಗಿಳಿಸಿದರೆ, ಗುಂಡನ ಪಾಲಿಗೆ ಕಾರಣ ಅವರು.

ಈಗ ಅವರ ವಿಷಯ. ಹೊಕ್ಕುಳಿನ ಸುತ್ತ ಚುಚ್ಚುಮದ್ದು ಹಾಕಿಸಿಕೊಂಡ ಮಕ್ಕಳ ನೋವನ್ನು ನಾನು ಹತ್ತಿರದಿಂದ ಬಲ್ಲೆ. ಪ್ರಾಣಿಗಳ ನರ ಅಂಗಾಂಶದಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆಯ ಉತ್ಪಾದನೆ ನಮ್ಮ ದೇಶದಲ್ಲಿ 2004ರ ಕೊನೆಯಲ್ಲಿ ನಿಂತಿತು. ಈಗ ಕೊಡುವುದು ತೋಳಿಗೆ ಹಾಕುವ, ಬಹಳ ಸುರಕ್ಷಿತವಾದ ಲಸಿಕೆ. ಆದರೆ ಆ ವಯಸ್ಸಿನಲ್ಲಿ ದಿನಾ ಆಸ್ಪತ್ರೆಯ ಬೆಂಚಿನ ಮೇಲೆ ಅಂಗಿ ಎತ್ತಿ ಮಲಗಿದ ನೆನಪು ಲಸಿಕೆ ಬದಲಾದ ಮಾತ್ರಕ್ಕೆ ಹೋಗುವುದಿಲ್ಲ. ಅವರು ಭಾನುವಾರಗಳಲ್ಲಿ, ಬೊಗಳುವ ನಾಯಿ ಇರುವ ಮನೆಗೆ, ಮತ್ತೆ ಮತ್ತೆ ಬರುತ್ತಿದ್ದಾರೆ. ಅದರ ಬೆಲೆಯನ್ನು ನೀವು ಗುರುತಿಸಬೇಕು, ಗುರುತಿಸಿದ್ದನ್ನು ಅವರಿಗೆ ಹೇಳಬೇಕು. ‘ಅವನು ಏನೂ ಮಾಡಲ್ಲ, ಹೆದರಬೇಡಿ’ ಎಂಬ ಮಾತನ್ನು ದಯವಿಟ್ಟು ಇನ್ನು ಆಡಬೇಡಿ. ಕಚ್ಚಿಸಿಕೊಂಡವರಿಗೆ ಆ ಮಾತಿನಿಂದ ಧೈರ್ಯ ಬರುವುದಿಲ್ಲ, ತಮ್ಮ ಭಯಕ್ಕೆ ಇಲ್ಲಿ ಜಾಗವಿಲ್ಲ ಎಂದು ಮಾತ್ರ ಅನ್ನಿಸುತ್ತದೆ. ಅದರ ಬದಲು ಗುಂಡನ ಲಸಿಕೆ ಪುಸ್ತಕವನ್ನು ಅವರ ಕೈಗೇ ಕೊಡಿ. ಅವರಿಗೆ ಇಷ್ಟವಿದ್ದರೆ ತಮ್ಮ ವೈದ್ಯರನ್ನು ಕಂಡು ಮುಂಜಾಗ್ರತೆಯ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬಹುದು. ಯಾವ ನಾಯಿ ಕಚ್ಚಿದರೂ, ಪರಚಿದರೂ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ.

ಅವರಿಬ್ಬರ ಭೇಟಿ ಇನ್ನು ಮುಂದೆ ಮನೆಯೊಳಗೆ ಶುರುವಾಗಬಾರದು. ಭಾನುವಾರ ಅವರು ಗೇಟಿನ ಹತ್ತಿರ ಬಂದು ಫೋನ್ ಮಾಡಲಿ, ನೀವು ಗುಂಡನಿಗೆ ಬೆಲ್ಟ್ ಹಾಕಿ ಕೆಳಗೆ ಕರೆತನ್ನಿ. ಮೂವರೂ ಒಂದೇ ದಿಕ್ಕಿಗೆ ನಡೆಯಿರಿ. ಅವರು ರಸ್ತೆಯ ಆ ಬದಿ, ನೀವು ಈ ಬದಿ, ಗುಂಡ ನಿಮ್ಮ ಹೊರಗಿನ ಮಗ್ಗುಲಲ್ಲಿ. ಅವರು ಅವನನ್ನು ನೋಡಬಾರದು, ಕರೆಯಬಾರದು, ಬಗ್ಗಿ ಕೈ ಚಾಚಬಾರದು. ಕಿಸೆಯಲ್ಲಿ ಕೋಳಿಯ ಚೂರಿನ ಡಬ್ಬಿ ಇರಲಿ. ಆಗಾಗ ಒಂದು ಚೂರನ್ನು ತಮ್ಮ ಹಿಂದೆ ನೆಲಕ್ಕೆ ಬಿಟ್ಟು ನಡೆಯುತ್ತಲೇ ಹೋಗಲಿ. ಅವರು ಮುಂದೆ ಸಾಗಿದ ಮೇಲೆ ನೀವು ಗುಂಡನನ್ನು ಆ ಬದಿಗೆ ಕರೆತನ್ನಿ, ಅವನು ಅದನ್ನು ಹೆಕ್ಕಿ ತಿನ್ನುತ್ತಾನೆ. ಇಪ್ಪತ್ತು ನಿಮಿಷದ ನಡಿಗೆಯಲ್ಲಿ ಅವನ ಬಾಲ ಎಲ್ಲಿದೆ ಎಂದು ಗಮನಿಸಿ. ಕಾಲ ನಡುವೆ ಸೇರಿದ್ದ ಬಾಲ ಸಡಿಲವಾಗಿ ಇಳಿಬಿದ್ದರೆ ಅಷ್ಟು ಸಾಕು, ಆಡಿಸಲೇಬೇಕೆಂದಿಲ್ಲ. ಹೀಗೆ ನಾಲ್ಕು ಭಾನುವಾರ ನಡೆದ ಮೇಲೆ, ಅದೇ ನಡಿಗೆಯನ್ನು ಮೆಟ್ಟಿಲು ಹತ್ತಿ ಮನೆಯೊಳಗೆ ಮುಂದುವರಿಸಿ. ಒಳಗೆ ಅವರು ಕುರ್ಚಿಯ ಮೇಲೆ ಕೂರಲಿ, ಗುಂಡನೇ ಹತ್ತಿರ ಬಂದು ಮೂಸಿದರೆ ಮೂಸಲಿ. ಮುಟ್ಟುವ ಕಾಲ ಬಂದಾಗ ತಲೆಯ ಮೇಲಿನಿಂದ ಕೈ ತರಬಾರದು. ಎದೆಯ ಬಳಿಯೋ ಗಲ್ಲದ ಕೆಳಗೋ ಮೂರು ಸೆಕೆಂಡು ಕೆರೆದು ಕೈ ಹಿಂದೆಗೆದುಕೊಳ್ಳಲಿ. ಅವನು ಮತ್ತೆ ಕೈಯ ಹತ್ತಿರ ಬಂದರೆ ಇನ್ನಷ್ಟು ಬೇಕೆಂದು ಅರ್ಥ, ಅಲ್ಲೇ ನಿಂತರೆ ಇವತ್ತಿಗೆ ಸಾಕು ಎಂದರ್ಥ.

ಅವರಿಗೆ ನಾಯಿಯ ಭಾಷೆಯ ನಾಲ್ಕು ಅಕ್ಷರ ಕಲಿಸಿ. ನಿದ್ದೆ ಬಾರದೆಯೂ ಆಕಳಿಸುವುದು, ತಿಂಡಿ ಇಲ್ಲದೆಯೂ ಮೂತಿ ನೆಕ್ಕಿಕೊಳ್ಳುವುದು, ಮುಖ ಒಂದು ಕಡೆ ತಿರುಗಿಸಿ ಕಣ್ಣಿನ ಬಿಳಿಯನ್ನು ತೋರಿಸುವುದು, ಮೈಯೆಲ್ಲಾ ಒಮ್ಮೆಗೇ ಕಲ್ಲಿನಂತಾಗುವುದು. ಈ ನಾಲ್ಕನ್ನು ಬಲ್ಲವರಿಗೆ ಕಚ್ಚಿಸಿಕೊಳ್ಳುವ ಸಂದರ್ಭ ಬಹಳ ಕಡಿಮೆ, ಏಕೆಂದರೆ ನಾಯಿ ಹೇಳದೆ ಕಚ್ಚುವುದು ಅಪರೂಪ. ನಾವು ಓದದೆ ಹೋಗುವುದೇ ಹೆಚ್ಚು. ಗುಂಡ ಗುರುಗುಟ್ಟಿದರೆ ಗದರಿಸಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಎಚ್ಚರಿಕೆಗೆ ಪೆಟ್ಟು ತಿಂದ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡುವುದನ್ನೇ ಬಿಟ್ಟುಬಿಡುತ್ತದೆ. ಆ ಹೊತ್ತಿನಲ್ಲಿ ಅವರು ಒಂದು ಹೆಜ್ಜೆ ಹಿಂದೆ ಸರಿದರೆ ಸಾಕು.

ಬಾಂಧವ್ಯ ಬೆಳೆಯುವುದು ಯಾವುದರಿಂದ ಎಂದು ಕೇಳಿದರೆ, ನನ್ನ ಉತ್ತರ ಬೆಳಗಿನ ನಡಿಗೆ. ನನ್ನ ಹಾಳೆಯಲ್ಲಿ ಬೆಳಗ್ಗೆ 6.30ರ ಎದುರಿಗೆ ಒಂದು ಗುರುತು ಹಾಕಿದ್ದೇನೆ. ಮದುವೆಯ ನಂತರ ಅವರು ಎದ್ದಿರುತ್ತಾರೆ, ಗುಂಡನೂ ಎದ್ದಿರುತ್ತಾನೆ, ನೀವು ಮಲಗಿರಬೇಕು. ಆ ಹೊತ್ತಿನ ಅರ್ಧ ಗಂಟೆಯ ಸುತ್ತಾಟ ಅವರಿಬ್ಬರದಾಗಿರಲಿ. ನೀವು ಜೊತೆಯಲ್ಲಿ ಇರುವವರೆಗೂ ಗುಂಡ ನಿಮ್ಮ ಕಡೆಯೇ ನೋಡುತ್ತಾನೆ, ಅವರೂ ನಿಮ್ಮ ಕಡೆಯೇ ನೋಡುತ್ತಾರೆ. ನೀವು ಇಲ್ಲದಾಗ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಬೇಕಾಗುತ್ತದೆ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದಂತೆ, ನಾಯಿ ಮತ್ತು ಅದರ ಮನುಷ್ಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿ ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನ್ ಅದು. ಆದರೆ ಆ ನೋಟ ನಂಬಿಕೆ ಹುಟ್ಟಿದ ಮೇಲಿನದು, ಅಪರಿಚಿತರು ನೆಟ್ಟ ನೋಟ ನೋಡಿದರೆ ನಾಯಿಗೆ ಅದು ಬೆದರಿಕೆ. ಆದ್ದರಿಂದ ಅವಸರ ಬೇಡ. ಮದುವೆಗೆ ಮೊದಲೇ, ಎಂಟು ಹತ್ತು ಭಾನುವಾರಗಳ ನಂತರ, ಬೆಲ್ಟನ್ನು ಅವರ ಕೈಗೆ ಕೊಟ್ಟು ನೀವು ಗೇಟಿನಲ್ಲೇ ನಿಲ್ಲಿ. ಆ ಮೊದಲ ಹತ್ತು ನಿಮಿಷ ಮುಗಿಸಿ ಅವರಿಬ್ಬರೂ ಮರಳಿ ಬರುವುದನ್ನು ನೋಡಿದಾಗ ಮುಂದಿನ ಸಂಸಾರ ಹೇಗಿರುತ್ತದೆ ಎಂದು ನಿಮಗೆ ಅಂದಾಜು ಸಿಗುತ್ತದೆ.

ಕೆಲಸ ಬಿಡಬೇಕೇ ಎಂದು ಕೇಳಿದ್ದೀರಿ. ಬಿಡುವ ಮೊದಲು ಕೇಳಿ ನೋಡಿ. ಹಲವು ಕಂಪನಿಗಳಲ್ಲಿ ಇಂಗ್ಲೆಂಡಿನ ಗ್ರಾಹಕರಿಗಾಗಿ ಮಧ್ಯಾಹ್ನ ಶುರುವಾಗಿ ರಾತ್ರಿ 10.30ರ ಹೊತ್ತಿಗೆ ಮುಗಿಯುವ ಶಿಫ್ಟ್ ಇರುತ್ತದೆ. ಅದು ಸಿಕ್ಕರೆ ನಿಮ್ಮ ಹಾಳೆಯ ಗೆರೆಗಳು ತಾವಾಗಿಯೇ ಹತ್ತಿರವಾಗುತ್ತವೆ. ಸಿಗದಿದ್ದರೆ ಇರುವುದನ್ನೇ ಕಾಪಾಡಿಕೊಳ್ಳಿ. ರಾತ್ರಿ 10ರ ನಿಮ್ಮ ಊಟದ ಬಿಡುವಿಗೆ ಅವರು ಕಾಯಲಿ, ಇಬ್ಬರೂ ಒಂದೇ ಹೊತ್ತಿಗೆ ಊಟಕ್ಕೆ ಕೂರಿ, ಫೋನು ಬೇರೆ ಕೋಣೆಯಲ್ಲಿರಲಿ. ಆ 40 ನಿಮಿಷದಲ್ಲಿ ಮನೆಯ ಬಾಡಿಗೆ, ಗ್ಯಾಸ್ ಬುಕಿಂಗ್, ಗುಂಡನ ಔಷಧಿ ಇವುಗಳ ಮಾತು ಬರದಂತೆ ನೋಡಿಕೊಳ್ಳಿ, ಅವುಗಳಿಗೆ ಭಾನುವಾರವಿದೆ. ಒಂದು ವಿಷಯವನ್ನು ಮಾತ್ರ ಮದುವೆಗೆ ಮೊದಲೇ ಅವರೊಡನೆ ನೇರವಾಗಿ ಮಾತಾಡಿ: ಈ ಶಿಫ್ಟಿನಲ್ಲಿ ನೀವು ಎಷ್ಟು ವರ್ಷ ಇರಲು ಬಯಸುತ್ತೀರಿ, ಅವರಿಗೆ ಎಷ್ಟು ವರ್ಷ ಸಹನೀಯ ಎಂಬುದು. ಈ ಮಾತು ಕಷ್ಟದ್ದು. ಇದು ಕಷ್ಟವೆಂದೇ ಬಹಳ ಮನೆಗಳಲ್ಲಿ ಜನ ನಾಯಿಯ ವಿಷಯಕ್ಕೆ ಜಗಳವಾಡುತ್ತಾರೆ.

ಕೊನೆಗೆ ಊರಿನ ತೋಟ. ಹಿರಿಯರು ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ, ತೋಟವೆಂದರೆ ನಾಯಿಗೆ ಸ್ವರ್ಗ ಎಂದು ಅವರು ನಿಜಕ್ಕೂ ನಂಬಿರುತ್ತಾರೆ. ನಾನು ಕಂಡದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹೀಗೆಯೇ ಮದುವೆಯ ಸಮಯದಲ್ಲಿ ತೋಟಕ್ಕೆ ಹೋಗಿದ್ದ ಹೆಣ್ಣುನಾಯಿಯೊಂದನ್ನು ಏಳು ತಿಂಗಳಿಗೆ ನನ್ನ ಮೇಜಿನ ಮೇಲೆ ತಂದು ಮಲಗಿಸಿದರು. ಕುತ್ತಿಗೆಯ ಸುತ್ತ ಸರಪಳಿ ಉಜ್ಜಿ ಕೂದಲು ಉದುರಿ, ಬೆರಳಗಲದ ಚರ್ಮ ಬೋಳಾಗಿತ್ತು. ಕಿವಿ ಮಗುಚಿ ನೋಡಿದರೆ ಉಣ್ಣಿಗಳು ಮೆಣಸಿನ ಗೊಂಚಲಿನಂತೆ ಕೂತಿದ್ದವು. ರಕ್ತ ಕೊಟ್ಟು ಉಳಿಸಿಕೊಂಡೆವು. ಅದನ್ನು ಸಾಕಿದ್ದ ಹುಡುಗಿ ಚಿಕಿತ್ಸೆಯ ಖರ್ಚು ಕೇಳಲಿಲ್ಲ, ‘ಇದಕ್ಕೆ ನನ್ನ ಗುರುತು ಸಿಗುತ್ತಾ ಸಾರ್’ ಎಂದು ಮಾತ್ರ ಕೇಳಿದಳು. ಸಿಕ್ಕಿತು, ಮಲಗಿದ್ದಲ್ಲಿಂದಲೇ ಅವಳ ಅಂಗೈಗೆ ಮೂತಿ ಇಟ್ಟಿತು. ತೋಟದವರು ಕ್ರೂರಿಗಳಾಗಿರಲಿಲ್ಲ. ಹಗಲು ಕಟ್ಟಿ ರಾತ್ರಿ ಬಿಡುವುದು ಅಲ್ಲಿನ ಪದ್ಧತಿ, ಫ್ಯಾನಿನ ಕೆಳಗೆ ಬೆಳೆದ ನಾಯಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಹಾಸನ, ತುಮಕೂರು, ಮೈಸೂರು ಕಡೆಯ ತೋಟಗಳಲ್ಲಿ ಚಿರತೆ ನಾಯಿಗಳನ್ನು ಎತ್ತಿಕೊಂಡು ಹೋಗುವುದೂ ಹೊಸ ಸುದ್ದಿಯಲ್ಲ. ಬೇರೆ ಮನೆ ಹುಡುಕಲೇಬೇಕಾದ ಸಂದರ್ಭಗಳು ಇಲ್ಲವೆಂದಲ್ಲ. ಈ ನಾಲ್ಕು ತಿಂಗಳ ಪ್ರಯತ್ನದ ನಂತರವೂ ಗುಂಡ ಅವರ ಮೇಲೆ ಎರಗಿದರೆ, ಹಲ್ಲು ಊರಿದರೆ, ಅವರು ತಮ್ಮ ಮನೆಯಲ್ಲೇ ಹೆದರಿ ಬದುಕಬೇಕಾದರೆ, ನಾನೇ ಮುಂದೆ ನಿಂತು ನಾಯಿಯನ್ನು ಬಲ್ಲವರ ಮನೆಯೊಂದನ್ನು ಹುಡುಕಿ ಎನ್ನುತ್ತೇನೆ. ಅದು ತೋಟದ ಕಾವಲಿಗೆ ಕಳಿಸುವುದಕ್ಕಿಂತ ಬೇರೆಯದೇ ಕೆಲಸ.

‘ಒಂದು ನಾಯಿಗಾಗಿ ಇಷ್ಟೆಲ್ಲಾ ಬೇಕೇ’ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ಅವರನ್ನು ಒಮ್ಮೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ, ಹತ್ತನೆಯ ಶತಮಾನದ ಕಲ್ಲೊಂದು ಅಲ್ಲಿದೆ. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ಯೋಧನಿಗೆ, ಮೆಚ್ಚಿದ ಒಡೆಯನು ಬೇಕಾದ್ದನ್ನು ಕೇಳಿಕೋ ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಕಾದಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಹಂದಿಯೂ ನಾಯಿಯೂ ಎದುರುಬದುರು ನಿಂತ ಕೆತ್ತನೆ ಈಗಲೂ ಕಾಣುತ್ತದೆ.

ಈ ವಾರ ಮಾಡಬೇಕಾದದ್ದು ಮೂರೇ. ಸೋಮವಾರ ಬೆಳಗ್ಗೆ ಗುಂಡನ ಮೊದಲ ಮೂತ್ರವನ್ನು ಶುಭ್ರವಾದ ಡಬ್ಬಿಯಲ್ಲಿ ಹಿಡಿದು ವೈದ್ಯರಿಗೆ ಕೊಡಿ, ರಕ್ತವನ್ನೂ ಅಂದೇ ತೆಗೆಸಿ. ಮಂಗಳವಾರ ಕ್ಯಾಬಿಗೆ ಹೊರಡುವ ಮುನ್ನ ಬಾಗಿಲಿನ ಕಡೆಗೆ ಫೋನಿಟ್ಟು ಅರ್ಧ ಗಂಟೆಯ ವಿಡಿಯೊ ಮಾಡಿ. ಭಾನುವಾರ ನಿಮ್ಮ ಹುಡುಗ ಬರುವಾಗ ಮೆಟ್ಟಿಲು ಹತ್ತದೆ ಗೇಟಿನಲ್ಲೇ ನಿಲ್ಲಲು ಹೇಳಿ, ಕೋಳಿಯ ಡಬ್ಬಿಯನ್ನು ಅವರ ಕೈಗೆ ಕೊಡಿ. ಪರೀಕ್ಷೆಯ ವರದಿ ಮತ್ತು ವಿಡಿಯೊ ಬಂದ ಮೇಲೆ ನನಗೆ ಮತ್ತೆ ಬರೆಯಿರಿ. ಔಷಧಿ ಬೇಕೇ ಬೇಡವೇ ಎಂಬುದನ್ನು ಅವುಗಳನ್ನು ನೋಡಿಯೇ ಹೇಳುತ್ತೇನೆ.